ಬಟ್ಟೆ ಒಣಗುವ ಹೊಳೆ

ನಮ್ಮ ಹಿತ್ತಲಿಗೆ ಮೊದಲ ಸಲ ಬಂದವರು ಯಾರೇ ಇರಲಿ, ಅಲ್ಲಿರುವ ಕಂಬಕ್ಕೆ ಒಮ್ಮೆ ಹಾಯ್ದುಕೊಳ್ಳದೆ ಹಿಂದಿರುಗಿದ್ದಿಲ್ಲ. ಬಟ್ಟೆ ಒಣಹಾಕುವ ಹುರಿಯ ಒಂದು ತುದಿ ಬಚ್ಚಲ ಗೋಡೆಯ ಗೂಟಕ್ಕೆ, ಇನ್ನೊಂದು ತುದಿ ಈ ಕಂಬಕ್ಕೆ. ನಾಲ್ಕು ಜನರ ಮನೆಯಲ್ಲಿರುವಂತೆ ಕಂಬ ಆಚೆಯ ಗೋಡೆಗೆ ಒತ್ತಿ ನಿಂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದು ಗೋಡೆಗಿಂತ ಎರಡು ಮೊಳ ಈಚೆಗೆ, ಸರಿಯಾಗಿ ಓಡಾಡುವ ದಾರಿಯ ನಡುವೆ, ಕರೆಯದೆ ಬಂದ ಬೀಗನ ಹಾಗೆ ನಿಂತಿದೆ. ಶಿಗ್ಗಾವಿಯ ಮನೆತನದಿಂದ ಬಂದ ನನ್ನ ಹೆಂಡತಿ ಕೊಡ ಹೊತ್ತು ಅದನ್ನು ಬಳಸಿ ಹೋಗುವಾಗಲೆಲ್ಲ ನನಗೆ ಕೇಳುವ ಹಾಗೆ, "ಬಿ.ಎ. ಪಾಸಾದವರು ನೆಟ್ಟ ಕಂಬರೀ ಇದು. ಎರಡು ಮೊಳ ಹುರಿ ಜೋಡಿಸಿದ್ರ ಮುಗೀತಿತ್ತು," ಅನ್ನುತ್ತಾಳೆ. ಹುರಿಯ ಮೇಲೂ ಆಕೆಗೆ ಸಿಟ್ಟಿದೆ. ಅದರ ತುಂಬ ಗಂಟುಗಳು. ಸೀರೆ ಸೆಳೆದರೆ ಸಿಕ್ಕಿಕೊಳ್ಳುತ್ತದೆ, ಜೋರು ಮಾಡಿದರೆ ಹರಿಯುತ್ತದೆ. ಪೇಟೆಯಲ್ಲಿ ಒಳ್ಳೆಯ ತಂತಿ ಸಿಗುವ ಕಾಲದಲ್ಲಿ ಈ ಪುಂಡಿ ನಾರಿನ ಹುರಿಯನ್ನು ಯಾಕೆ ಜೋಪಾನ ಮಾಡಬೇಕು ಎಂದು ಆಕೆ ಕೇಳುವುದರಲ್ಲಿ ನ್ಯಾಯವಿದೆ. ಆದರೆ ಗೆಳೆಯರೇ, ಅದು ಬರೀ ಹುರಿಯಲ್ಲ, ಒಂದು ಹೊಳೆ. ನನ್ನ ಜೀವವನ್ನೂ, ಇನ್ನಿಬ್ಬರ ಜೀವವನ್ನೂ ಉಳಿಸಿದ ಹೊಳೆ. ಅದರ ಮೇಲೆ ಈಗ ನಮ್ಮ ಮನೆಯ ಬಟ್ಟೆ ಒಣಗುತ್ತಿದೆ ಎಂಬುದನ್ನು ನೆನೆದಾಗೆಲ್ಲ ನನಗೆ ಎದೆ ಹಗುರಾಗುತ್ತದೆ.

ಮೊದಲು ನನ್ನ ಜಂಬದ ಮಾತು ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟರೆ ಮುಂದಿನದು ತಿಳಿಯುವುದಿಲ್ಲ. ತಿಳವಳ್ಳಿಯ ನಮ್ಮ ಮನೆತನದಲ್ಲಿ ನನಗಿಂತ ಹಿಂದೆ ಯಾರೂ ನಾಲ್ಕನೆಯ ಇಯತ್ತೆಯನ್ನು ದಾಟಿರಲಿಲ್ಲ. ನಾನು ಮ್ಯಾಟ್ರಿಕ್ ಮುಟ್ಟುವ ಮೊದಲೇ ಅಪ್ಪ ತೀರಿಕೊಂಡ. ಅವ್ವ ಗದ್ದೆಯಲ್ಲಿ ಬಗ್ಗಿ ನಟ್ಟಿ ಹಚ್ಚಿ, ಕಳೆ ತೆಗೆದು, ಬೆನ್ನು ನೆಟ್ಟಗೆ ಮಾಡುವುದನ್ನೇ ಮರೆತು ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸಿದಳು. ಬಿ.ಎ. ಪಾಸಾಗಿ ಹಾನಗಲ್ಲಿನ ಇಂಗ್ಲಿಷ್ ಶಾಲೆಗೆ ಮಾಸ್ತರನಾಗಿ, ಅವ್ವನನ್ನು ಕರೆತಂದು ಬಾಡಿಗೆ ಮನೆ ಮಾಡಿದಾಗ, ಓಣಿಯ ಜನ ನನಗೆ "ಬಿಯ್ಯೆ ಮಾಸ್ತರ್ರು" ಎಂದೇ ಹೆಸರಿಟ್ಟರು. ಆ ಹೆಸರು ಕಿವಿಗೆ ಬಿದ್ದಾಗ ನನ್ನ ಎದೆ ಒಂದು ಗೇಣು ಹಿಗ್ಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಈಗಲೂ ನಾಲ್ಕು ಬೆರಳಾದರೂ ಹಿಗ್ಗುತ್ತದೆ.

ಕಾಲೇಜಿನ ವಾಚನಾಲಯದಲ್ಲಿ ಒಂದು ವಿಲಾಯತಿ ಮಾಸಿಕ ಬರುತ್ತಿತ್ತು. ಅದರಲ್ಲಿ ನಾನೊಂದು ಚಿತ್ರ ನೋಡಿದ್ದೆ: ದೂರದ ಯಾವುದೋ ಗುಡ್ಡಗಾಡಿನ ಹೊಳೆ, ಬಂಡೆಗಳ ನಡುವೆ ಹಾಲು ಉಕ್ಕಿದಂತೆ ನೊರೆ, ಆ ನೊರೆಯ ನಡುವೆ ಪುಟ್ಟ ತೆಪ್ಪದಲ್ಲಿ ನಗುತ್ತ ಕುಳಿತ ಮೂವರು ಸಾಹೇಬರು. ಅವರು ಯಾಕೆ ಹೋಗುತ್ತಿದ್ದಾರೆ? ಸಂತೆಗಲ್ಲ, ಮದುವೆಗಲ್ಲ, ಔಷಧ ತರಲಿಕ್ಕಲ್ಲ. ಸುಮ್ಮನೆ ಹೋಗುತ್ತಿದ್ದಾರೆ! ನಮ್ಮ ಮನೆತನದಲ್ಲಿ ಯಾರೂ ಎಂದೂ ಸುಮ್ಮನೆ ಎಲ್ಲಿಗೂ ಹೋದದ್ದಿರಲಿಲ್ಲ. ಕೆಲಸವಿಲ್ಲದೆ ಒಂದು ದಾರಿ ಹಿಡಿಯುವುದು ಎಷ್ಟು ದೊಡ್ಡ ಐಶ್ವರ್ಯವೆಂದು ನನಗೆ ಆ ಚಿತ್ರ ಹೇಳಿಕೊಟ್ಟಿತು. ಅದು ಮನಸ್ಸಿನಲ್ಲಿ ಬೀಜದಂತೆ ಬಿದ್ದುಕೊಂಡಿದ್ದು, ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು, ಒಂದು ಶ್ರಾವಣದಲ್ಲಿ ಮೊಳೆಯಿತು.

ಆ ಮೊಳಕೆಗೆ ನೀರೆರೆದವನು ಗೆಳೆಯ ಗುರುಸಿದ್ದಪ್ಪ. ಸವಣೂರಿನ ವೀಳ್ಯದೆಲೆ ತೋಟದವರ ಮಗ, ಕಾಲೇಜಿನಲ್ಲಿ ನನ್ನ ಕೋಣೆಯ ಜೊತೆಗಾರ. ಇಂಟರ್ ಪರೀಕ್ಷೆಗೆ ಮೂರು ಸಲ ಕುಳಿತು, ಮೂರು ಸಲವೂ ನಗುನಗುತ್ತ ಎದ್ದುಬಂದು, ಕಡೆಗೆ ಎಲೆಯ ವ್ಯಾಪಾರಕ್ಕೆ ನಿಂತವನು. ಸೂಟಿಯಲ್ಲಿ ನಾನು ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಅವನ ಮನೆಗೆ ಹೋಗುವುದು ನಮ್ಮ ರೂಢಿ. ಆ ಸಲ ಶಾಲೆಯಿಂದ ಮುಂಬಯಿ ಪ್ರಾಂತದ ಬಟ್ಟೆಯ ನಕಾಶೆಯನ್ನು ಸುತ್ತಿಕೊಂಡು ಹೋಗಿದ್ದೆ. ಜಗುಲಿಯ ಮೇಲೆ ಅದನ್ನು ಹರವಿ ಬೇಡ್ತಿ ಹೊಳೆಯನ್ನು ತೋರಿಸಿದೆ. ನೋಡು, ಇಲ್ಲಿ ಕಲಘಟಗಿಯ ಕೆಳಗೆ ಹರಿಗೋಲು ಇಳಿಸುವುದು, ಹೊಳೆ ತಾನೇ ಕರೆದುಕೊಂಡು ಹೋಗುತ್ತದೆ, ಇಲ್ಲಿ ಸಮುದ್ರ! ನಾವಿಬ್ಬರೂ ಅಲ್ಲಿಯವರೆಗೆ ಸಮುದ್ರ ಕಂಡಿರಲಿಲ್ಲ. ಒಂದು ನೂಲಿಗೆ ಎಂಜಲು ಹಚ್ಚಿ ನೀಲಿ ಗೆರೆಯ ಮೇಲೆ ಅಂಟಿಸಿ ಅಳೆದೆ. ಮೂರು ಬೆರಳು. ಮೂರು ಬೆರಳಿಗೆ ನಾಲ್ಕು ದಿನ ಸಾಕೆಂದು ಲೆಕ್ಕ ಹಾಕಿ, ದಸರೆಯ ಸೂಟಿಗೆ ಗೊತ್ತುಮಾಡಿ, ವಹಿಯಲ್ಲಿ ಚಂದದ ಅಕ್ಷರದಿಂದ ದಿನಚರಿ ಬರೆದೆ. ಎರಡನೆಯ ದಿನದ ಸಂಜೆಗೆ ನಾನು ಬರೆದದ್ದು ಈಗಲೂ ಬಾಯಿಪಾಠವಿದೆ: "ಇಲ್ಲಿ ಹೊಳೆ ನೆಟ್ಟಗಿದೆ. ಹುಟ್ಟು ಹಾಕುವ ಕಾರಣವಿಲ್ಲ. ಹರಿಗೋಲಿನಲ್ಲಿಯೇ ಬುತ್ತಿ ಬಿಚ್ಚುವುದು."

ಇಷ್ಟೆಲ್ಲ ಮಾಡಿದವನು ಒಂದು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಈಸು ಬರುತ್ತಿರಲಿಲ್ಲ.

ಹರಿಗೋಲು ನಡೆಸಲಿಕ್ಕೆ ಅಂಬಿಗ ಬೇಕಲ್ಲ. ವರದಾ ಹೊಳೆಯ ಕಡವಿನಲ್ಲಿ ಫಕೀರಪ್ಪನೆಂಬವನಿದ್ದ. ಮಳೆಗಾಲದಲ್ಲಿ ನಮ್ಮ ಸೀಮೆಯ ಜನ, ಕಾಳಿನ ಚೀಲ, ಆಡು, ಮದುಮಕ್ಕಳು, ಎಲ್ಲರನ್ನೂ ದಾಟಿಸುತ್ತಿದ್ದ ಒಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ನಾನು ದಂಡೆಯ ಮೇಲೆ ನಕಾಶೆ ಬಿಚ್ಚಿ, ಶಾಲೆಯಲ್ಲಿ ಮಾತಾಡುವ ಧಾಟಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಅವನು ನಕಾಶೆಯನ್ನು ನೋಡಲಿಲ್ಲ. ನನ್ನ ಮುಖವನ್ನು ನೋಡಿದ.

"ಆಗಲಿ ಬರ್ತೇನ್ರಿ ಮಾಸ್ತರ್ರ," ಅಂದ. "ಆದ್ರ ಈ ದಸರಿಗೆ ಅಲ್ಲ, ಬರೂ ದಸರಿಗೆ. ನಡುವ ಒಂದು ಬ್ಯಾಸಗಿ ಬೇಕು ನನಗ."

"ಬೇಸಗೆ ಯಾಕೋ?"

"ಹೊಳಿ ನಡದು ಬರಾಕ್ರಿ. ನೀರು ಇಳದಾಗ ಅದರ ಹೊಟ್ಟ್ಯಾಗ ಏನೈತಿ ಅಂತ ನೋಡಬೇಕು. ನಡದು ನೋಡದ ನೀರಾಗ ನಾವು ಹರಿಗೋಲು ಇಳಸೂದಿಲ್ಲ. ನಮ್ಮಪ್ಪ ಇಳಸಿಲ್ಲ, ಅವರಪ್ಪ ಇಳಸಿಲ್ಲ."

ನಡೆದು, ಹುರಿಗೆ ಗಂಟು ಹಾಕಿಕೊಂಡು ಬರುತ್ತಾರಂತೆ. ಎಲ್ಲಿ ಕಲ್ಲಿದೆಯೋ ಅಲ್ಲೊಂದು ಗಂಟು, ಎಲ್ಲಿ ಸುಳಿಯೋ ಅಲ್ಲಿ ಇನ್ನೊಂದು ಬಗೆಯ ಗಂಟು. ಅದೇ ಅವರ ವಿದ್ಯೆ. ನನಗೆ ತಡೆಯಲಾರದಷ್ಟು ನಗು ಬಂತು. ನಗುವಿನ ಬೆನ್ನಿಗೆ ಸಿಟ್ಟೂ ಬಂತು. ಸರಕಾರವೇ ಅಳೆದು ಅಚ್ಚು ಹಾಕಿಸಿದ ನಕಾಶೆ ನನ್ನ ಕೈಯಲ್ಲಿದೆ, ಇವನು ಹುರಿಯ ಮಾತಾಡುತ್ತಾನೆ! ಅವನನ್ನು ಬಿಟ್ಟು ಮೇಲಿನ ಕಡವಿನ ಅಂಬಿಗನ ಹತ್ತಿರ ಹೋದೆ, ಕೆಳಗಿನ ಕಡವಿಗೂ ಹೋದೆ. ಇಬ್ಬರೂ ನನ್ನ ಮಾತನ್ನೆಲ್ಲ ಮರ್ಯಾದೆಯಿಂದ ಕೇಳಿ, ಕಡೆಗೆ ಒಂದೇ ಪ್ರಶ್ನೆ ಹಾಕಿದರು: "ಹುರಿ ಐತೇನ್ರಿ?" ಹುರಿ ಇರಲಿಲ್ಲ. ದಸರೆ ಬಂತು, ಹೋಯಿತು.

ಅಲ್ಲಿಂದ ಬೇಸಗೆಯವರೆಗೆ ನಾನು ಪಟ್ಟ ಪಾಡು ಬೇಡ. ಸಮುದ್ರಕ್ಕೆ ಹೊರಟಿದ್ದೇನೆಂದು ಊರೆಲ್ಲ ಸಾರಿಬಿಟ್ಟಿದ್ದೆನಲ್ಲ. ಹಜಾಮತಿಗೆ ಕೂತರೆ, "ಮಾಸ್ತರ್ರ ತಲಿ ಒದ್ದಿ ಐತೆಲ್ಲ, ಸಮುದ್ರದ ನೀರೇನ್ರಿ?" ಎಂಬ ಮಾತು. ಹೆಡ್‌ಮಾಸ್ತರರಂತೂ ಮಳೆ ಬಂದು ಅಂಗಳದಲ್ಲಿ ನೀರು ನಿಂತಾಗ ನನ್ನನ್ನು ಕರೆದು ಗಂಭೀರವಾಗಿ, "ಇಲ್ಲಿ ದಾಟಾಕ ಏನು ವ್ಯವಸ್ಥಾ ಮಾಡ್ತೀರಿ?" ಎಂದು ಕೇಳಿದರು. ನಾನು ಪಟ್ಟು ಬಿಡಲಿಲ್ಲ. ಹೋಗಲೇಬೇಕು ಎನ್ನುವ ಆಸೆ ಯಾವಾಗಲೋ ಬತ್ತಿಹೋಗಿತ್ತು. ಹೋಗುತ್ತೇನೆಂದು ಅಂದುಬಿಟ್ಟಿದ್ದೇನೆ ಎಂಬ ಬಿರುಸೊಂದು ಉಳಿದಿತ್ತು. ಮನುಷ್ಯ ಅಪಾಯಕ್ಕೆ ಇಳಿಯುವುದು ಧೈರ್ಯದಿಂದ ಎಂದು ಪುಸ್ತಕಗಳಲ್ಲಿ ಓದಿದ್ದೇನೆ. ನಾನು ಕಂಡಂತೆ ಹೆಚ್ಚಿನವರು ಇಳಿಯುವುದು ನಾಲ್ಕು ಜನರೆದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರದೆ.

ಅವ್ವ ಒಂದೇ ಸಲ ಮಾತಾಡಿದಳು. ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ತಮ್ಮಾ, ನಾ ನಿನ್ನ ಓದಿಸಿದ್ದು ಕೆಸರಾಗಿಂದ ಮ್ಯಾಲ ತರಾಕ. ನೀ ತಿರುಗಿ ನೀರಾಗ ಇಳ್ಯಾಕ ಹೊಂಟೀಯಲ್ಲ," ಅಂದಳು. ನಾನು ಇಂಗ್ಲಿಷಿನಲ್ಲಿ ಓದಿದ್ದ ಸಾಹಸದ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಅವಳಿಗೆ ಹೇಳಲು ನೋಡಿದೆ. ರೊಟ್ಟಿಯ ಸಪ್ಪಳದಲ್ಲಿ ಅವು ನಿಲ್ಲಲಿಲ್ಲ.

ಬೇಸಗೆ ಬಂತು. ಫಕೀರಪ್ಪ ತಾನಾಗಿಯೇ ನಮ್ಮ ಮನೆಗೆ ಬಂದ. ಹೆಗಲ ಮೇಲೆ ಬುತ್ತಿಯ ಗಂಟು, ಸೊಂಟಕ್ಕೆ ಸುತ್ತಿದ ಹೊಸ ಹುರಿ. ಗುರುಸಿದ್ದಪ್ಪ ಸವಣೂರಿನಿಂದ ತಂದಿದ್ದ ವೀಳ್ಯದೆಲೆಯ ಕಟ್ಟನ್ನು ಅವನಿಗೆ ಕೊಟ್ಟ. ಅದು ಬಾಯಿಚಪಲಕ್ಕಲ್ಲ, ಅಳತೆಗೆ. ಒಂದು ಎಲೆ ಹಾಕಿಕೊಂಡು ಅಗಿದು ಮುಗಿಯುವಷ್ಟು ಹೊತ್ತು ನಡೆದರೆ, ಹುರಿಯಲ್ಲಿ ನಾಲ್ಕು ಬೆರಳು ಬಿಡುವುದು ಅವರ ಲೆಕ್ಕ. "ಹತ್ತು ದಿನಕ್ಕ ತಿರುಗಿ ಬರ್ತೇನ್ರಿ," ಎಂದು ಹೇಳಿ ತಡಸದ ದಾರಿ ಹಿಡಿದು ಹೊರಟುಹೋದ.

ಹತ್ತು ದಿನವಾಯಿತು. ಹನ್ನೆರಡಾಯಿತು. ಅವ್ವ ನನಗೆ ಬಡಿಸುವಾಗ ತಡೆದು ತಡೆದು ಬಡಿಸುತ್ತಿದ್ದಳು. ಹದಿಮೂರನೆಯ ದಿನ ನಾನು ಕಡವಿಗೆ ಹೋದೆ. ಫಕೀರಪ್ಪನ ಹೆಂಡತಿ ಗಂಗವ್ವ ಗುಡಿಸಲ ಮುಂದೆ ಕುಳಿತಿದ್ದಳು. ಬೈಯುತ್ತಾಳೆಂದು ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಪಾಡಾಗುತ್ತಿತ್ತು. ಆಕೆ ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, ನನ್ನ ಮೇಲೆ ಪೂರ್ತಿ ನಂಬಿಕೆ ಇಟ್ಟ ದನಿಯಲ್ಲಿ ಕೇಳಿದಳು: "ನಿಮ್ಮ ಹಂತೇಕ ಆ ಹೊಳಿ ನಕಾಶಿ ಐತೆಂತಲ್ರಿ ಮಾಸ್ತರ್ರ. ಒಂದೀಟು ಬಿಚ್ಚಿ ನೋಡ್ರಿ. ಈಗ ಎಲ್ಲಿ ತನಕ ಹೋಗಿದ್ದಾನು ಅಂವ?"

ನಾನು ಶಾಲೆಗೆ ಬಂದು ನಿಜವಾಗಿಯೂ ನಕಾಶೆ ಬಿಚ್ಚಿದೆ. ಖಾಲಿ ವರ್ಗದಲ್ಲಿ ಒಬ್ಬನೇ ನಿಂತು ಆ ನೀಲಿ ಗೆರೆಯನ್ನು ನೋಡಿದೆ. ಮೂರು ಬೆರಳು. ಅದರೊಳಗೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗವಿರಲಿಲ್ಲ, ಕಾಲು ಜಾರುವಷ್ಟು ಕಲ್ಲಿರಲಿಲ್ಲ, ನೆರಳಿಗೆ ಒಂದು ಮರವಿರಲಿಲ್ಲ. ಗಂಗವ್ವನ ಗಂಡ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವನು ಬರದೆ ಹೋದರೆ ಆಕೆಯ ಬಾಗಿಲಿಗೆ ನಾನು ಯಾವ ಮುಖ ಹೊತ್ತು ಹೋಗಲಿ ಎಂದು ನೆನೆದು ಅಲ್ಲಿಯೇ ಬೆಂಚಿನ ಮೇಲೆ ಕುಳಿತೆ.

ಹದಿನೈದನೆಯ ದಿನ ಮಧ್ಯಾಹ್ನ, ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಫಕೀರಪ್ಪ! ಕಾಲಿಗೆಲ್ಲ ಅರಿವೆ ಸುತ್ತಿಕೊಂಡಿದ್ದ, ಗಡ್ಡ ಬೆಳೆದಿತ್ತು, ಸೊಂಟದಲ್ಲಿ ಹುರಿ ಇತ್ತು. ನಾನು ಪುಸ್ತಕ ಮುಚ್ಚಿದೆನೋ ಬಿಸಾಡಿದೆನೋ ನೆನಪಿಲ್ಲ. ಅವನ ಎರಡೂ ತೋಳು ಹಿಡಿದು, "ಮೊದಲು ಮನಿಗೆ ಹೋದ್ಯೋ ಇಲ್ಲೋ?" ಎಂದು ಕೇಳಿದೆ. "ಹೋಗೇ ಬಂದೇನ್ರಿ. ನಿಮ್ಮ ಮುಖ ನೋಡಿದ್ರ ನೀವ ಹೊಳಿ ನಡದು ಬಂದಂಗ ಕಾಣ್ತೀರಲ್ರಿ," ಅಂದ ಪುಣ್ಯಾತ್ಮ.

ಮರುದಿನ ಗುರುಸಿದ್ದಪ್ಪನೂ ಬಂದ. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತೆವು. ಅವ್ವ ಫಕೀರಪ್ಪ ಬೇಡಬೇಡವೆಂದರೂ ಬಿಡದೆ ಅವನ ಕಾಲಿಗೆ ಬಿಸಿನೀರು ಹಾಕಿ, ಎಣ್ಣೆ ಹಚ್ಚಿ, ಗೋಡೆಗೆ ಆತು ಕುಳಿತಳು. ಅವನು ಹುರಿ ಬಿಚ್ಚಿ, ಕಣ್ಣು ಮುಚ್ಚಿ, ಬೆರಳಿನಲ್ಲಿ ಓದಲು ಸುರುಮಾಡಿದ.

ಅವನು ಓದುತ್ತಿದ್ದಾಗ ನನಗೆ ಅಬಲೂರು ನೆನಪಾಯಿತು. ಅದು ಅವ್ವನ ತವರು. ನಾನು ಪಾಸಾದ ವರ್ಷ ಸೋದರಮಾವ ಊರ ಹಿರಿಯರನ್ನೆಲ್ಲ ಸೇರಿಸಿಕೊಂಡು ನನ್ನನ್ನು ಅಲ್ಲಿಯ ಹಳೆಯ ಗುಡಿಯ ಶಾಸನದ ಮುಂದೆ ನಿಲ್ಲಿಸಿ, "ನಮ್ಮ ಹುಡುಗ ಓದ್ತಾನ, ಕೇಳ್ರಿ," ಅಂದಿದ್ದ. ಒಂದು ಅಕ್ಷರವೂ ಹತ್ತಲಿಲ್ಲ. ಅದು ಹಳೆಯ ಲಿಪಿ ಎಂದೆ. "ಕನ್ನಡನ ಹೌದಲ್ಲೋ?" ಅಂದ ಮಾವ. ಹೌದೆಂದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋದರು. ಈಗ ಕಟ್ಟೆಯ ಮೇಲೆ ಎರಡನೆಯ ಸಲ, ನನ್ನದೇ ನಾಡಿನ ಒಂದು ಬರಹದ ಮುಂದೆ ನಾನು ಅಕ್ಷರ ಬಾರದವನಾಗಿ ಕುಳಿತಿದ್ದೆ. ಈ ಸಲ ಓದಿ ಹೇಳುವವನೊಬ್ಬ ಇದ್ದ, ಅಷ್ಟೇ ವ್ಯತ್ಯಾಸ.

"ಇಲ್ಲಿಂದ ಆರು ಎಲಿ ತನಕ ಏನೂ ಇಲ್ರಿ, ಕೂಸು ಮಲಗಿಸಿಕೊಂಡು ಹೋಗಬಹುದು," ಎನ್ನುತ್ತ ಅವನ ಬೆರಳು ಸರಿಯಿತು. "ಇಲ್ಲೊಂದು ಗಂಟು. ಎಡಕ್ಕ ಕಲ್ಲು, ಬಲಕ್ಕ ಸರೀಬೇಕು. ಇದು ಜೋಡಿ ಗಂಟು, ಇಲ್ಲಿ ಇಳದು ಹರಿಗೋಲು ತಲಿ ಮ್ಯಾಲ ಹೊತಗೊಂಡು ಹೋಗಬೇಕು..." ಗಂಟು, ಗಂಟು, ಮತ್ತೆ ಗಂಟು. ಗುರುಸಿದ್ದಪ್ಪ ಎಣಿಸುತ್ತಿದ್ದವನು ಹದಿನೇಳಕ್ಕೆ ಬಿಟ್ಟುಬಿಟ್ಟ. ಆಮೇಲೆ ಒಂದು ಮೊಳಕ್ಕೂ ಹೆಚ್ಚು ಉದ್ದಕ್ಕೆ ಹುರಿ ನುಣ್ಣಗಿತ್ತು. ಅಷ್ಟು ದೊಡ್ಡ ನುಣುಪು ಮತ್ತೆಲ್ಲೂ ಇರಲಿಲ್ಲ. "ಇಲ್ಲಿ ನೀರು ಭಾಳ ಶಾಂತ," ಅಂದ. ನನ್ನ ವಹಿಯ ಎರಡನೆಯ ದಿನದ ಸಂಜೆ ನೆನಪಾಗಿ ನಾನು ಹಿಗ್ಗಿದೆ. ಇಲ್ಲಿಯೇ ಬುತ್ತಿ ಬಿಚ್ಚುವುದೆಂದು ಬಾಯಿ ತೆಗೆಯಬೇಕು, ಅಷ್ಟರಲ್ಲಿ ಅವನ ಬೆರಳು ಹುರಿಯ ತುದಿಗೆ ಬಂದು, ದಾಟಿ, ಬರಿಯ ಗಾಳಿಯಲ್ಲಿ ನಿಂತಿತು.

"ಮುಂದ?" ಅಂದೆ.

"ಮುಂದ ಹುರಿ ಇಲ್ರಿ."

"ಸಾಲಲಿಲ್ಲೇನು?"

"ಇನ್ನೂ ಭಾಳ ಇತ್ರಿ. ನಾನ ಕೊಯ್ದೆ. ಅಲ್ಲಿಂದ ಮುಂದ ಹೊಳಿ ಇಲ್ಲ, ಕೆಳಗ ಐತಿ." ಅವನು ಕಣ್ಣು ತೆರೆದ. "ದಂಡಿ ಮ್ಯಾಲ ಅಂಗಾತ ಮಲಗಿ ಬಗ್ಗಿ ನೋಡಿದೆ... ಅಂಗಾತ ಅಲ್ಲ, ಬೋರಲ ಮಲಗಿ. ಹದ್ದು ನನ್ನ ಕೆಳಗ ಹಾರಾಡ್ತಿದ್ದುವು ಮಾಸ್ತರ್ರ. ಹದ್ದಿನ ಬೆನ್ನು ನಾ ಅವತ್ತ ಮೊದಲ ನೋಡಿದ್ದು."

ಎರಡು ದಿನ ಎರಡೂ ದಂಡೆಯಲ್ಲಿ ಹುಡುಕಿದನಂತೆ, ಹರಿಗೋಲು ಹೊತ್ತು ಇಳಿಯಲಿಕ್ಕೆ ದಾರಿ ಇದೆಯೇನೋ ಎಂದು. ಮಾಸ್ತರರು ಆಸೆ ಇಟ್ಟುಕೊಂಡಿದ್ದಾರೆ ಎಂದು. ದಾರಿ ಇರಲಿಲ್ಲ. ಕಾಲು ಬಾತುಕೊಂಡಾಗ ಗೌಳಿಗರ ದನದ ದಡ್ಡಿಯಲ್ಲಿ ಮೂರು ದಿನ ಮಲಗಿ, ಅವರ ಮಜ್ಜಿಗೆ ಕುಡಿದು ಎದ್ದು ಬಂದ. ಆ ಜಾಗಕ್ಕೆ ಮಾಗೋಡು ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಘಟ್ಟದ ಸೀಮೆಯಲ್ಲಿ ಅದನ್ನು ಅರಿಯದವರೇ ಇಲ್ಲ. ಸಿರ್ಸಿಯ ಕಡೆಗೆ ಬಂಡಿ ಹೊಡೆಯುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ತಿಳಿಯದವನೆಂದು ಆದೀತಲ್ಲ! ಮನೆತನದಲ್ಲಿ ಮೊದಲು ಓದಿದವನಿಗೆ ಹತ್ತುವ ರೋಗ ಇದು. ತಲೆತಲಾಂತರದಿಂದ ಓದಿದವರ ಮಕ್ಕಳು ತಮಗೆ ಗೊತ್ತಿಲ್ಲವೆಂದು ಸಲೀಸಾಗಿ ಹೇಳುವುದನ್ನು ಕಂಡಿದ್ದೇನೆ. ನಮಗೆ ಆ ಮಾತು ಬಾಯಿಗೆ ಬರುವುದಿಲ್ಲ. ಅದನ್ನು ಅನ್ನಬಾರದೆಂದೇ ಓದಿರುತ್ತೇವೆ.

ಮೊದಲು ಉಸಿರು ಬಿಟ್ಟವನು ಗುರುಸಿದ್ದಪ್ಪ. ಎದ್ದು ನಿಂತು ಪಶ್ಚಿಮದ ಕಡೆಗೆ ಕೈಮುಗಿದ. "ದ್ಯಾವ್ರು ದೊಡ್ಡಾವ. ನಾ ಐದು ಕಾಯಿ ಹರಕಿ ಹೊತ್ತಿದ್ದೆ," ಅಂದ.

"ಪ್ರವಾಸ ಚಲೋ ಆಗಲೆಂತೇನು?"

"ಆಗದಿರಲೆಂತ! ನೀ ಎಲ್ಲಿ ಅಂಜುಬುರುಕ ಅಂತೀಯೋ ಅಂತ ಸುಮ್ಮನಿದ್ದೆ."

ಆಗ ನನ್ನೊಳಗೆ ಏನೋ ಸಡಿಲಾಯಿತು. "ನನಗ ಈಸು ಬರಂಗಿಲ್ಲೋ," ಎಂದೆ. ಎಂಟು ತಿಂಗಳಿನಿಂದ ಮುಚ್ಚಿಟ್ಟಿದ್ದ ಮಾತು, ಅದು ಹೊರಬಿದ್ದಾಗ ಹೊಟ್ಟೆಯವರೆಗೂ ತಂಪಾಯಿತು. ಗುರುಸಿದ್ದಪ್ಪ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. ಫಕೀರಪ್ಪ ಹುರಿ ಸುತ್ತುತ್ತ ತಣ್ಣಗೆ, "ಗೊತ್ತಿತ್ತ ಬಿಡ್ರಿ. ನೀವು ದಂಡಿ ಮ್ಯಾಲ ನಿಂದರೂದ್ರಾಗ ತಿಳದಿತ್ತು," ಅಂದ. ಮೊದಲು ನಕ್ಕವಳು ಅವ್ವ. ಅಪ್ಪ ಹೋದಮೇಲೆ ಆಕೆ ಹಾಗೆ ಸೆರಗು ಬಾಯಿಗಿಟ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಗುನಗುತ್ತಲೇ ಕಣ್ಣೊರೆಸಿಕೊಂಡು, "ಏಳ್ರಿ, ಊಟಕ್ಕ ಏಳ್ರಿ. ಫಕೀರಪ್ಪ, ನೀನೂ ಏಳಪ್ಪ," ಎಂದಳು. ಅವತ್ತಿನ ರೊಟ್ಟಿ, ಹೆಸರುಕಾಳಿನ ಪಲ್ಯದ ರುಚಿ ಆಮೇಲೆ ನನಗೆ ಯಾವ ಹಬ್ಬದ ಊಟದಲ್ಲಿಯೂ ಸಿಕ್ಕಿಲ್ಲ. ಬದುಕಿದವರ ಬಾಯಿಗೆ ರುಚಿಯೇ ಬೇರೆ.

ಓದಿನಿಂದ ಏನೂ ಆಗದು ಎಂದು ಹೇಳಲು ನಾನು ಇದನ್ನೆಲ್ಲ ಬರೆದೆನೆಂದು ತಿಳಿಯಬೇಡಿ. ಹಾಗೆ ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬ ಓದಿದವರೇ ಇರುತ್ತಾರೆ. ಅವ್ವನ ಬೆನ್ನು ಬಗ್ಗಿದ್ದು ವ್ಯರ್ಥವೆಂದು ನಾನಂತೂ ಎಂದೂ ಅನ್ನಲಾರೆ. ಅದೇ ನಕಾಶೆಯನ್ನು ಈಗಲೂ ವರ್ಗದಲ್ಲಿ ತೂಗುಹಾಕಿ ಹೊಳೆಗಳ ಪಾಠ ಹೇಳುತ್ತೇನೆ. ಬೇಡ್ತಿ ಬಂದಾಗ ಮಾತ್ರ, ನೀಲಿ ಗೆರೆಯ ಒಂದು ಜಾಗದಲ್ಲಿ ಬೆರಳಿಟ್ಟು, ಇಲ್ಲಿ ಹದ್ದಿನ ಬೆನ್ನು ಕಾಣಿಸುತ್ತದೆ ಎನ್ನುತ್ತೇನೆ. ಅಚ್ಚಿನಲ್ಲಿ ಇಲ್ಲದ್ದನ್ನು ಕೇಳಿ ಮಕ್ಕಳ ಕಣ್ಣು ದೊಡ್ಡವಾಗುತ್ತವೆ.

ಹುರಿಯನ್ನು ಫಕೀರಪ್ಪನಿಂದ ಬೇಡಿ ಇಸಿದುಕೊಂಡೆ. "ಇಳಸದ ಹೊಳಿ ಹುರಿ ನಮಗೂ ಬ್ಯಾಡ್ರಿ, ನಿಮ್ಮ ಹಂತೇಕನ ಇರಲಿ," ಎಂದು ಕೊಟ್ಟ. ಕೆಲವು ವರ್ಷದ ಮೇಲೆ ಈ ಮನೆ ಕಟ್ಟಿಸಿ, ಹಿತ್ತಲಲ್ಲಿ ಕಂಬ ನೆಟ್ಟು ಹುರಿ ಎಳೆದು ಕಟ್ಟಲು ಹೋದಾಗ, ಗೋಡೆಗೆ ಒತ್ತಿ ನಿಂತಿದ್ದ ಕಂಬಕ್ಕೆ ಎರಡು ಮೊಳ ಸಾಲದೆ ಬಂತು. ಹೆಂಡತಿ ಒಳಗಿನಿಂದ ಒಂದು ತುಂಡು ಹುರಿ ತಂದು ಕೈಯಲ್ಲಿಟ್ಟಳು. ಜೋಡಿಸಲು ಎರಡು ತುದಿಗಳನ್ನು ಕೂಡಿಸಿದ್ದೂ ಆಯಿತು. ಆ ನುಣ್ಣಗಿನ ಮೊಳ ನನ್ನ ಬೆರಳಿನಡಿಯಲ್ಲಿ ಸರಿದು, ತುದಿಯಲ್ಲಿ ಫಕೀರಪ್ಪ ಕೊಯ್ದ ಗುರುತು ತಗಲಿದಾಗ ಕೈ ನಿಂತಿತು. ತುಂಡು ಹುರಿಯನ್ನು ಆಕೆಗೆ ತಿರುಗಿ ಕೊಟ್ಟು, ಸಂಜೆಯವರೆಗೆ ಬೆವರಿಳಿಸಿ ಅಗೆದು, ಕಂಬವನ್ನೇ ಕಿತ್ತು ಹುರಿ ಮುಗಿಯುವಲ್ಲಿಗೆ ತಂದು ನೆಟ್ಟೆ.

ಆ ಕೊನೆಯ ನುಣುಪಿನಲ್ಲಿ ಗಂಟಿಲ್ಲದ್ದರಿಂದ ಹೆಂಡತಿ ನಮ್ಮ ಸಣ್ಣ ಕೂಸಿನ ಅಂಗಿ, ಕುಲಾವಿಗಳನ್ನು ಅಲ್ಲಿಯೇ ಹಾಕುತ್ತಾಳೆ. ಇವತ್ತು ಮುಂಜಾನೆಯೂ ಹಾಕಿದ್ದಾಳೆ. ಗಾಳಿ ಬಂದಾಗ ಅವು ಜಾರಿ ಜಾರಿ ತುದಿಯವರೆಗೂ ಹೋಗುತ್ತವೆ, ಕಂಬಕ್ಕೆ ತಾಗಿ ಅಲ್ಲಿಯೇ ನಿಲ್ಲುತ್ತವೆ.